ಅಂಗಳಕ್ಕೆ ದೊಡ್ಡ ಹೂಗಿಡ ತರ್ತೀರಾ? ಹೊಂಡ ತೋಡುವ ಮೊದಲು ಇಷ್ಟು ತಿಳಿದಿರಲಿ

ಹೆಲಿಕೋನಿಯಾದಿಂದ ನಾಗಲಿಂಗದವರೆಗೆ: ಉತ್ತರ ಕನ್ನಡದ ಮನೆಯಂಗಳಕ್ಕೆ ಯಾವುದು ಹೊಂದುತ್ತದೆ, ಎಷ್ಟು ಜಾಗ ಬೇಕು, ಯಾವುದರಿಂದ ದೂರ ಇರಬೇಕು

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಗಿಡಗಳ ಓಡಾಟ ಶುರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಎತ್ತಿಟ್ಟ ಡೇರೆ ಗಡ್ಡೆ ಹೊರಬರುತ್ತದೆ. ನೆಂಟರ ಮನೆಗೆ ಹೋದವರು ಬರುವಾಗ ಕೊಟ್ಟೆಯಲ್ಲಿ ಒಂದಾದರೂ ಹಿಳ್ಳು ಹಿಡಿದುಕೊಂಡೇ ಬರ್ತಾರೆ. ಈಗ ಡೇರೆ, ದಾಸವಾಳದ ಜೊತೆ ಆಳೆತ್ತರ ಮೀರಿ ಬೆಳೆಯುವ ಹೂಗಿಡಗಳೂ ಅಂಗಳಕ್ಕೆ ಬಂದಿವೆ. ಹೆಲಿಕೋನಿಯಾ, ಟಾರ್ಚ್ ಜಿಂಜರ್, ಬರ್ಡ್ ಆಫ್ ಪ್ಯಾರಡೈಸ್, ಬಣ್ಣಬಣ್ಣದ ದೇವಕಣಗಿಲೆ. ಮೊಬೈಲ್‌ನಲ್ಲಿ ಫೋಟೊ ನೋಡಿ ಆರ್ಡರ್ ಮಾಡುವವರಿಗೂ ಕಡಿಮೆಯಿಲ್ಲ.

ಇವು ನಮ್ಮಲ್ಲಿ ಬದುಕ್ತವಾ ಎಂಬುದು ದೊಡ್ಡ ಪ್ರಶ್ನೆಯೇ ಅಲ್ಲ. ಉಷ್ಣವಲಯದ ಗಿಡಕ್ಕೆ ಬೇಕಾದ ಸೆಕೆ, ಮಳೆ, ನೆರಳು ಮೂರೂ ಇಲ್ಲಿವೆ. ನಿಜವಾದ ಪ್ರಶ್ನೆ ಇರುವುದು ಮೂರು ವರ್ಷದ ನಂತರ. ಗಿಡ ಎಷ್ಟು ಜಾಗ ತಿನ್ನುತ್ತದೆ? ಎಲ್ಲಿಗೆ ಹಬ್ಬುತ್ತದೆ? ದನ ಬಾಯಿ ಹಾಕಿದರೆ, ಮಗು ಎಲೆ ಜಗಿದರೆ ಏನಾಗುತ್ತದೆ? ಒಂದು ಅಡಿಯ ಪಾಕೀಟಿನಲ್ಲಿ ಬರುವ ಗಿಡ ಇದ್ಯಾವುದನ್ನೂ ಹೇಳುವುದಿಲ್ಲ. ಹಾಗಾಗಿ ನೆಡುವ ಮೊದಲೇ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ.

ಮೊದಲು ನಿಮ್ಮ ಜಾಗ ಯಾವುದು ನೋಡಿಕೊಳ್ಳಿ

ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ಹಳಿಯಾಳ, ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ನಡುವಿನದು. ಇಲ್ಲಿ ಅಡಿಕೆ ತೋಟದ ನೆರಳಿದೆ, ಚಳಿಗಾಲದ ಇಬ್ಬನಿಯೂ ಇದೆ.

- ಕಡಲ ಹತ್ತಿರದ ಮನೆ: ಉಪ್ಪುಗಾಳಿ ದೊಡ್ಡ ಎಲೆಯನ್ನು ಹರಿದು ಸುಡುತ್ತದೆ. ಹೆಲಿಕೋನಿಯಾ, ಟಾರ್ಚ್ ಜಿಂಜರ್ ಹಾಕುವುದಾದರೆ ಮನೆಯ ಪೂರ್ವದ ಬದಿಯಲ್ಲಿ, ಗಾಳಿಗೆ ಮರೆ ಇರುವಲ್ಲಿ ಹಾಕಿ. ಬಯಲಿಗೆ ದೇವಕಣಗಿಲೆ, ಕಾಗದದ ಹೂವೇ ಸರಿ.
- ಘಟ್ಟದ ಮೇಲಿನ ತೋಟದ ಮನೆ: ದೊಡ್ಡೆಲೆಯ ಗಿಡಗಳಿಗೆ ಇದೇ ಸ್ವರ್ಗ. ಆದರೆ ಬೇಗ ಹಬ್ಬುವುದೂ ಇಲ್ಲಿಯೇ.
- ಬಯಲು ಸೀಮೆಗೆ ತಾಗಿದ ತಾಲೂಕು: ಫೆಬ್ರವರಿಯಿಂದ ಮೇವರೆಗೆ ನೀರು ಕೊಡಲು ಆಗುತ್ತದಾ ಅಂತ ಮೊದಲು ಲೆಕ್ಕ ಹಾಕಿ. ಆಗದಿದ್ದರೆ ಹೆಲಿಕೋನಿಯಾ ಆಸೆ ಬಿಟ್ಟು ದೇವಕಣಗಿಲೆಗೆ ಹೋಗಿ.

ಮಣ್ಣಿನ ವಿಷಯದಲ್ಲಿ ಒಂದೇ ಮಾತು. ನಮ್ಮದು ಹೆಚ್ಚಾಗಿ ಚಿರೇಕಲ್ಲಿನ ಕೆಂಪು ಮಣ್ಣು. ಹೊಂಡ ತೋಡಿದಾಗ ಒಂದೂವರೆ ಅಡಿಗೇ ಕಲ್ಲು ಸಿಕ್ಕಿದರೆ ಜುಲೈನಲ್ಲಿ ಆ ಹೊಂಡ ಬಾವಿಯಾಗುತ್ತದೆ, ಬೇರು ಕೊಳೆಯುತ್ತದೆ. ಪರೀಕ್ಷೆ ಸುಲಭ. ಹೊಂಡಕ್ಕೆ ಎರಡು ಕೊಡ ನೀರು ಹಾಕಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಹೊಂಡ ಬೇಡ, ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ.

ಒಂದೊಂದಾಗಿ ಗಿಡಗಳು

ಹೆಲಿಕೋನಿಯಾ

ಎತ್ತರ: ಸಣ್ಣ ಜಾತಿ 3ರಿಂದ 5 ಅಡಿ, ದೊಡ್ಡ ಜಾತಿ 6ರಿಂದ 12 ಅಡಿ ಅಥವಾ ಹೆಚ್ಚು
ಅಂತರ: ಸಣ್ಣದಕ್ಕೆ 3 ಅಡಿ, ದೊಡ್ಡದಕ್ಕೆ 6 ಅಡಿ
ಬಿಸಿಲು: ಅರ್ಧ ದಿನದ ಬಿಸಿಲು ಸಾಕು

ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಬಾಳೆಯ ದೂರದ ನೆಂಟ. ಕೆಂಪು ಹಳದಿಯಾಗಿ ಕಾಣುವುದು ಹೂವಲ್ಲ, ಹೂವನ್ನು ಮುಚ್ಚುವ ದೋಣಿಯಂಥ ಎಲೆ. ನಿಜವಾದ ಹೂ ಅದರೊಳಗೆ ಸಣ್ಣದಾಗಿ ಇರುತ್ತದೆ. ತವರಿನಲ್ಲಿ ಹಮ್ಮಿಂಗ್‌ಬರ್ಡ್ ಬರುವ ಜಾಗಕ್ಕೆ ನಮ್ಮಲ್ಲಿ ಸೂರಕ್ಕಿ ಬರುತ್ತದೆ. ಜಡೆಯ ಹಾಗೆ ಇಳಿಬೀಳುವ ರೋಸ್ಟ್ರಾಟಾ ಜಾತಿ ನಮ್ಮ ಕಡೆ ಹೆಚ್ಚು ಕಾಣುವಂಥದ್ದು. ಅದು ಬೊಲಿವಿಯಾ ದೇಶದ ರಾಷ್ಟ್ರೀಯ ಹೂಗಳಲ್ಲಿ ಒಂದು.

ಎರಡು ಮೂರು ಮೊಳಕೆ ಇರುವ ಗಡ್ಡೆಯನ್ನು ಜೂನ್ ಮೊದಲ ವಾರಗಳಲ್ಲಿ ನೆಡಿ. ಆಳ ಎರಡು ಮೂರು ಇಂಚು ಸಾಕು, ಹುಗಿದುಹಾಕಿದರೆ ಕೊಳೆಯುತ್ತದೆ. ಕಳಿತ ಕೊಟ್ಟಿಗೆ ಗೊಬ್ಬರ, ಮೇಲೆ ದರಕಿನ ಹೊದಿಕೆ. ಸಣ್ಣ ಜಾತಿ ಒಂದು ವರ್ಷದೊಳಗೇ ಹೂ ಕೊಡಬಹುದು, ದೊಡ್ಡವಕ್ಕೆ ಒಂದೂವರೆ ಎರಡು ವರ್ಷ ಕಾಯಬೇಕು.

ಹೂ ಬಿಟ್ಟ ಕಾಂಡ ಮತ್ತೆ ಹೂ ಬಿಡುವುದಿಲ್ಲ. ಬಾಳೆಗೊನೆ ಕಡಿದ ಮೇಲೆ ದಿಂಡು ತೆಗೆದ ಹಾಗೆ ಅದನ್ನು ಬುಡಕ್ಕೇ ಕಡಿಯಿರಿ. ಇಷ್ಟು ಮಾಡದೆ "ಎಲೆ ಮಾತ್ರ ಬರ್ತದೆ, ಹೂವೇ ಇಲ್ಲ" ಅನ್ನುವ ಹಿಂಡುಗಳು ಬೇಕಾದಷ್ಟಿವೆ. ಗಾಢ ನೆರಳೂ ಇದಕ್ಕೆ ಇನ್ನೊಂದು ಕಾರಣ.

ಗಮನಿಸಿ: ಮೇಲ್ಮುಖವಾಗಿ ನಿಲ್ಲುವ ಜಾತಿಗಳ ದೋಣಿಯಲ್ಲಿ ಮಳೆನೀರು ನಿಂತು ಸೊಳ್ಳೆ ಮರಿಯಾಗುತ್ತದೆ. ಡೆಂಗಿ ಕಾಲದಲ್ಲಿ ಇದನ್ನು ಕಿಟಕಿ ಬದಿಗೆ ಹಾಕ್ಬೇಡಿ, ಹಳೆ ಹೂ ತಕ್ಷಣ ತೆಗೆಯಿರಿ. ಇಳಿಬೀಳುವ ಜಾತಿಗಳಲ್ಲಿ ನೀರು ನಿಲ್ಲುವುದು ಕಡಿಮೆ.

ಟಾರ್ಚ್ ಜಿಂಜರ್

ಎತ್ತರ: ಎಲೆಯ ಕಾಂಡ 12ರಿಂದ 15 ಅಡಿ, ಹೂದಂಟು 2ರಿಂದ 5 ಅಡಿ
ಅಂತರ: ಕನಿಷ್ಠ 8 ಅಡಿ
ಬಿಸಿಲು: ಚುಕ್ಕಿ ನೆರಳು

ಇಂಡೊನೇಷ್ಯಾ, ಮಲೇಷ್ಯಾ ಕಡೆಯ ಗಿಡ. ಶುಂಠಿ, ಅರಿಶಿನ, ಏಲಕ್ಕಿ ಕುಟುಂಬದ್ದು. ಏಲಕ್ಕಿ ಬೆಳೆದವರಿಗೆ ಇದರ ಸ್ವಭಾವ ಬೇಗ ಗೊತ್ತಾಗುತ್ತದೆ. ಎಲೆ ಇರುವ ಕಾಂಡದ ತುದಿಯಲ್ಲಿ ಹೂ ಬರುವುದಿಲ್ಲ, ನೆಲದಿಂದಲೇ ಬೇರೆ ದಂಟು ಎದ್ದು ಅದರ ತುದಿಗೆ ಮೇಣದಂಥ ಕೆಂಪು ಅಥವಾ ಗುಲಾಬಿ ಹೂ. ತವರಿನಲ್ಲಿ ಇದರ ಮೊಗ್ಗನ್ನು ಅಡುಗೆಗೂ ಹಾಕ್ತಾರೆ.

ಅಡಿಕೆ ತೋಟದ ಅಂಚು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮನೆಯ ಮುಂದಿನ ಸಣ್ಣ ಅಂಗಳಕ್ಕಲ್ಲ. ಎರಡು ಮೂರು ವರ್ಷದಲ್ಲಿ ಹಿಂಡು ಒಂದು ಸಣ್ಣ ಕೋಣೆಯಷ್ಟಾಗುತ್ತದೆ. ಶುಂಠಿಗೆ ಕೊಳೆ ಬಂದು ಬಿಟ್ಟ ಜಾಗದಲ್ಲಿ ಇದನ್ನಾಗಲೀ ಸುಗಂಧಿಯನ್ನಾಗಲೀ ಹಾಕಬೇಡಿ. ಒಂದೇ ಕುಟುಂಬದವು, ರೋಗವೂ ದಾಟಬಹುದು.

ಸುರುಳಿ ಸುಗಂಧಿ

ಎತ್ತರ: 4ರಿಂದ 6 ಅಡಿ
ಅಂತರ: 2 ಅಡಿ
ಬಿಸಿಲು: ಅರ್ಧ ನೆರಳು, ತಂಪು ನೆಲ

ಸಂಜೆ ಅರಳಿ ಇಡೀ ಜಗುಲಿಗೆ ಪರಿಮಳ ಬೀರುವ ಬಿಳಿ ಹೂ. ಹಿಮಾಲಯದ ಪೂರ್ವ ಭಾಗದ ಗಿಡ, ಆದರೆ ಸಾಗರದಾಚೆಯ ಕ್ಯೂಬಾ ಇದನ್ನೇ ರಾಷ್ಟ್ರೀಯ ಹೂ ಮಾಡಿಕೊಂಡಿದೆ. ಬಾವಿಕಟ್ಟೆಯ ಬದಿ, ನೀರು ಹರಿಯುವ ಜಾಗ ಇದಕ್ಕೆ ಇಷ್ಟ. ಮಳೆಗಾಲದ ನಡುವಿನಿಂದ ಹೂ ಶುರು.

ಬ್ರೆಜಿಲ್, ಹವಾಯಿಯಲ್ಲಿ ಇದು ತೊರೆಗಳ ದಂಡೆ ತುಂಬಿಕೊಂಡು ತೊಂದರೆ ಕೊಡುತ್ತಿದೆ. ಹಿಂಡು ಒಡೆದಾಗ ಉಳಿದ ಗಡ್ಡೆಯನ್ನು ಹಳ್ಳಕ್ಕೆ ಎಸೆಯಬೇಡಿ. ತುಂಡು ಎಲ್ಲಿ ಸಿಕ್ಕಿಕೊಂಡರೂ ಅಲ್ಲಿ ಚಿಗುರುತ್ತದೆ.

ಕಾಬಾಳೆ, ಅಂದರೆ ಕ್ಯಾನಾ

ಎತ್ತರ: 3ರಿಂದ 6 ಅಡಿ
ಅಂತರ: ಒಂದೂವರೆ ಅಡಿ
ಬಿಸಿಲು: ಪೂರ್ತಿ

ಹೊಸಬರಿಗೆ ಮೊದಲ ಗಿಡ ಯಾವುದು ಅಂದರೆ ಇದೇ. ಸಾಯುವುದಿಲ್ಲ, ಬೇಡ ಅನಿಸಿದರೆ ಕಿತ್ತು ತೆಗೆಯುವುದೂ ಸುಲಭ. ಬಚ್ಚಲ ನೀರು ಬಿಡುವ ಗುಂಡಿಯ ಸುತ್ತ ಹಾಕಿದರೆ ಆ ನೀರನ್ನು ಹೀರಿಕೊಂಡು ಜಾಗ ಒಣಗಿಸುತ್ತದೆ. ಎಲೆ ಸುರುಳಿ ಸುತ್ತುವ ಹುಳ ಬಂದರೆ ಸುರುಳಿ ಬಿಡಿಸಿ ಹುಳ ತೆಗೆದರೆ ಸಾಕು. ಕಾಡಂಚಿನ ಮನೆಯವರು ಇದನ್ನು ಬೇಲಿಯ ಒಳಗೇ ಹಾಕಬೇಕು, ಹಂದಿಗಳು ಪಿಷ್ಟದ ಗಡ್ಡೆ ಬಿಡುವುದಿಲ್ಲ.

ಬರ್ಡ್ ಆಫ್ ಪ್ಯಾರಡೈಸ್

ಎತ್ತರ: 3ರಿಂದ 5 ಅಡಿ
ಅಂತರ: 4 ಅಡಿ
ಬಿಸಿಲು: ಹೆಚ್ಚಿದ್ದಷ್ಟು ಒಳ್ಳೆಯದು

ದಕ್ಷಿಣ ಆಫ್ರಿಕಾದ ಗಿಡ. ಕಿತ್ತಳೆ, ನೀಲಿ ಬಣ್ಣದ ಹಕ್ಕಿತಲೆಯಂಥ ಹೂ. ತಾಳ್ಮೆ ಇಲ್ಲದವರು ತರಬೇಡಿ. ಬೀಜದ ಗಿಡ ಹೂ ಕೊಡಲು ನಾಲ್ಕೈದು ವರ್ಷ ಬೇಕಾಗಬಹುದು, ಹಿಂಡು ಒಡೆದು ನೆಟ್ಟರೆ ಎರಡು ಮೂರು. ಕೊಳ್ಳುವಾಗ ಬೀಜದ್ದೋ ಹಿಂಡಿನದೋ ಕೇಳಿಯೇ ದುಡ್ಡು ಕೊಡಿ. ನಮ್ಮ ಮಳೆಗೆ ದಿಬ್ಬ ಅಥವಾ ದೊಡ್ಡ ಕುಂಡವೇ ಸುರಕ್ಷಿತ. ಪದೇಪದೇ ಕಿತ್ತು ಜಾಗ ಬದಲಿಸಿದರೆ ಹೂ ಮುಂದೆ ಹೋಗುತ್ತದೆ. ಇದೇ ಹೆಸರಿನಲ್ಲಿ ಬಿಳಿ ಹೂವಿನ ದೊಡ್ಡ ಜಾತಿಯೊಂದನ್ನೂ ಮಾರುತ್ತಾರೆ. ಅದು ಬೀಸಣಿಗೆ ಬಾಳೆಯಂತೆ 20 ಅಡಿ ಬೆಳೆಯುವಂಥದ್ದು, ಸಣ್ಣ ಅಂಗಳಕ್ಕೆ ಆಗುವುದಿಲ್ಲ.

ದೇವಕಣಗಿಲೆ

ಎತ್ತರ: 10ರಿಂದ 20 ಅಡಿ
ಅಂತರ: 10 ಅಡಿ
ಬಿಸಿಲು: ಪೂರ್ತಿ

ಮೆಕ್ಸಿಕೊ ಕಡೆಯಿಂದ ಬಂದು ನಮ್ಮ ದೇವಸ್ಥಾನದ ಅಂಗಳದ್ದೇ ಆಗಿಬಿಟ್ಟ ಮರ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದೂವರೆ ಅಡಿಯ ಬಲಿತ ಕೊಂಬೆ ಕತ್ತರಿಸಿ, ನೆರಳಲ್ಲಿ ಒಂದು ವಾರ ಒಣಗಿಸಿ ನೆಡಬೇಕು. ಹಸಿ ಗಾಯ ಇರುವಾಗಲೇ ನೆಟ್ಟರೆ ಕೊಳೆಯುವುದೇ ಹೆಚ್ಚು. ಚಳಿಗಾಲದಲ್ಲಿ ಎಲೆ ಉದುರಿ ಬೋಳಾದರೆ ಹೆದರಿ ನೀರು ಸುರಿಯಬೇಡಿ, ಅದು ನಿದ್ದೆ ಮಾಡುವ ಕಾಲ. ಮಳೆಗಾಲದ ಕೊನೆಗೆ ಎಲೆಯ ಅಡಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ. ಉದುರಿದ ಎಲೆ ಗುಡಿಸಿ ಸುಟ್ಟರೆ ಮುಂದಿನ ವರ್ಷ ಕಡಿಮೆಯಾಗುತ್ತದೆ. ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಮರದ ಹೂ ಬೇಕೆನ್ನುವವರಿಗೆ

ನಾಗಲಿಂಗದ ಹೂವಿಗೆ ಮನಸೋಲದವರಿಲ್ಲ. ಆದರೆ ದಕ್ಷಿಣ ಅಮೆರಿಕದ ಈ ಮರ 60 ಅಡಿ ಮೀರಿ ಬೆಳೆಯುತ್ತದೆ, ಕಾಯಿ ಒಂದೊಂದೂ ಕೆಲವು ಕೆ.ಜಿ. ತೂಗುತ್ತದೆ. ಹಂಚಿನ ಮಾಡು, ಕಾರು ನಿಲ್ಲಿಸುವ ಜಾಗ, ಮಕ್ಕಳು ಆಡುವ ಅಂಗಳದ ಹತ್ತಿರ ಖಂಡಿತ ಬೇಡ. ದೇವಸ್ಥಾನ, ಶಾಲೆಯ ದೊಡ್ಡ ಜಾಗವಿದ್ದರೆ ದಾರಿಯಿಂದ ದೂರ ಹಾಕಬಹುದು.

ಮನೆಗೆ ಮರವೇ ಬೇಕಿದ್ದರೆ ನಮ್ಮ ಘಟ್ಟದ್ದೇ ಏಕೆ ಆಗಬಾರದು? ಸೀತಾ ಅಶೋಕ ನೆರಳಿನಲ್ಲೂ ಬರುತ್ತದೆ, ಗಾತ್ರವೂ ಹಿಡಿತದಲ್ಲಿ ಇರುತ್ತದೆ, ಹೂ ಕೊಂಬೆಗೇ ಅಂಟಿ ಕಿತ್ತಳೆಯಿಂದ ಕೆಂಪಾಗುತ್ತದೆ. ಹೊಳೆದಾಸವಾಳ ಬೇಸಿಗೆಯಲ್ಲಿ ನೇರಳೆ ಬಣ್ಣ ಸುರಿಯುತ್ತದೆ, ತೇವದ ನೆಲಕ್ಕೂ ಅಡ್ಡಿಯಿಲ್ಲ. ಸುರಗಿ, ರಂಜಲ ಒಣಗಿದರೂ ಪರಿಮಳ ಬಿಡದ ಹೂಗಳು. ಚಪ್ಪರಕ್ಕೆ ಬಳ್ಳಿ ಬೇಕೆನ್ನುವವರಿಗೆ ಮೈಸೂರಿನ ಹೆಸರನ್ನೇ ಹೊತ್ತ ತನ್‌ಬರ್ಜಿಯಾ ಮೈಸೊರೆನ್ಸಿಸ್ ಇದೆ. ಪಶ್ಚಿಮ ಘಟ್ಟದ ಈ ಬಳ್ಳಿಯ ಹಳದಿ ಕೆಂಪು ಹೂಗೊಂಚಲು ಮಾರುದ್ದ ಇಳಿಯುತ್ತದೆ. ಚಪ್ಪರ ಎಂಟು ಅಡಿಯಾದರೂ ಎತ್ತರ ಇರಲಿ, ಕಂಬ ಗಟ್ಟಿ ಇರಲಿ.

ಯಾವ ಮರವಾದರೂ ಗೋಡೆ, ಬಾವಿ, ಶೌಚದ ಗುಂಡಿಯಿಂದ 20 ಅಡಿ ದೂರ ಇರಲಿ. ಹೆಸ್ಕಾಂ ಲೈನ್ ಅಡಿಯಲ್ಲಿ ನೆಟ್ಟರೆ ಪ್ರತಿ ಮೇ ತಿಂಗಳಲ್ಲಿ ಅದರ ತಲೆ ಹಾರಿಸುತ್ತಾರೆ. ಅದು ಅವರ ತಪ್ಪಲ್ಲ, ನೆಟ್ಟ ಜಾಗದ್ದು.

ವಿಷ ಇರುವವು: ಇದನ್ನು ಮಾತ್ರ ಬಿಡದೆ ಓದಿ

ಚೆಂದದ ದೊಡ್ಡ ಹೂಗಿಡಗಳಲ್ಲಿ ಕೆಲವು ಪ್ರಾಣಕ್ಕೇ ಅಪಾಯ. ದನ ಕರು, ಪುಟ್ಟ ಮಕ್ಕಳು ಇರುವ ಮನೆಯವರು ಇವನ್ನು ತರದಿರುವುದೇ ಲೇಸು.

- ಕಣಗಿಲೆ (ಕೆಂಪು, ಬಿಳಿ, ಗುಲಾಬಿ) ಮತ್ತು ಹಳದಿ ಕಣಗಿಲೆ: ಎಲೆ, ಹೂ, ಕಾಯಿ, ಬೇರು ಎಲ್ಲವೂ ವಿಷ. ನೇರ ಹೃದಯದ ಬಡಿತಕ್ಕೆ ಹೊಡೆತ. ಒಣಗಿದ ಎಲೆಯಲ್ಲೂ ವಿಷ ಹೋಗುವುದಿಲ್ಲ. ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಕಣಗಿಲೆ ಜಗಿದದ್ದೇ ಕಾರಣವಿರಬಹುದೆಂಬ ಶಂಕೆ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಈ ಹೂ ಬಳಸುವುದನ್ನು ನಿಲ್ಲಿಸಿದವು.
- ಬ್ರಗ್‌ಮ್ಯಾನ್ಸಿಯಾ: ಗಂಟೆಯಂತೆ ಕೆಳಗೆ ತೂಗುವ ಅಡಿಯುದ್ದದ ಹೂ. ಉಮ್ಮತ್ತಿಯ ಹತ್ತಿರದ ಸಂಬಂಧಿ, ಅದೇ ಬಗೆಯ ವಿಷ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಎದೆಬಡಿತ ಏರುವುದು, ಏನೇನೋ ಬಡಬಡಿಸುವುದು ಲಕ್ಷಣ. ಸವರಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬೇಡಿ.

ಸಾಮಾನ್ಯವಾಗಿ ಆಗುವ ಅನಾಹುತ ಹೀಗೆ: ಬೇಲಿಯ ಕಣಗಿಲೆ ಸವರಿ ಸೊಪ್ಪನ್ನು ಹುಲ್ಲಿನ ಬದಿಯಲ್ಲೇ ಬಿಟ್ಟುಬಿಡುವುದು. ಹಸಿಯಾಗಿದ್ದಾಗ ಕಹಿಗೆ ಮುಟ್ಟದ ದನ, ಬಾಡಿದ ಸೊಪ್ಪನ್ನು ಹುಲ್ಲಿನ ಜೊತೆ ತಿಂದುಬಿಡಬಹುದು. ಸವರಿದ ಸೊಪ್ಪನ್ನು ಕೊಟ್ಟಿಗೆಗೆ ಹಾಸಬೇಡಿ, ಸುಡಲೂ ಬೇಡಿ, ಅದರ ಹೊಗೆಯೂ ಕೆಟ್ಟದ್ದು. ದನ ಹೋಗದ ಕಡೆ ಆಳಕ್ಕೆ ಹುಗಿದುಬಿಡಿ.

ಯಾರಾದರೂ ತಿಂದದ್ದು ಗೊತ್ತಾದರೆ ಲಕ್ಷಣ ಬರಲಿ ಅಂತ ಕಾಯಬೇಡಿ, ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ, ತಿಂದ ಗಿಡದ ಒಂದು ಟಿಸಿಲು ಜೊತೆಗೆ ಒಯ್ಯಿರಿ. ದನಕ್ಕಾದರೆ ಪಶುವೈದ್ಯರು ಅಥವಾ 1962.

ಹಬ್ಬುವವು: ಬೆಟ್ಟಕ್ಕೆ ದಾಟದಂತೆ ನೋಡಿಕೊಳ್ಳಿ

ಇವತ್ತು ನಮ್ಮ ಬೆಟ್ಟ, ಬೇಣಗಳಲ್ಲಿ ಹುಲ್ಲು ಮೇಲೇಳದಂತೆ ಮಾಡಿರುವ ಲಂಟಾನ ಕೂಡ 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿಯೇ ದೇಶಕ್ಕೆ ಬಂದದ್ದು. ತಂದವರಿಗೆ ಅದರ ಹೂ ಮಾತ್ರ ಕಂಡಿತ್ತು.

ನೀರುಕಾಯಿ ಮರ, ಅಂದರೆ ಆಫ್ರಿಕನ್ ಟ್ಯುಲಿಪ್, ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಬೀಜ ಗಾಳಿಯಲ್ಲಿ ಹಾರುತ್ತದೆ, ಕೊಂಬೆ ಗಾಳಿಮಳೆಗೆ ಬೇಗ ಮುರಿಯುತ್ತದೆ. ಇದರ ಹೂವಿನೊಳಗೆ ಚುಚ್ಚದ ಜೇನುಗಳು ಸತ್ತುಬೀಳುವುದನ್ನು ಬ್ರೆಜಿಲ್‌ನಲ್ಲಿ ಗುರುತಿಸಿದ್ದಾರೆ. ಮುಜಂಟಿ ಪೆಟ್ಟಿಗೆ ಇಟ್ಟವರು ಈ ಮರದ ಆಸೆ ಬಿಡಿ. ರಥಪುಷ್ಪ ಬೇರಿನಿಂದ ಹಿಳ್ಳು ಒಡೆದು ಹಬ್ಬುತ್ತದೆ. ಸಣ್ಣ ಜಾತಿಯ ಹೆಲಿಕೋನಿಯಾವೂ ಹಾಗೆಯೇ.

ಹಬ್ಬುವ ಗಿಡವನ್ನು ಹಿಡಿದಿಡಲು ಉಪಾಯ ಮೂರು:

1. ಸುತ್ತ ಒಂದೂವರೆ ಅಡಿ ಆಳಕ್ಕೆ ಹಳೆ ತಗಡು ಇಳಿಸಿ, ಇಲ್ಲವೇ ಚಿರೇಕಲ್ಲು ಕೂರಿಸಿ.
2. ಪ್ರತಿ ಮೇ ಕೊನೆಗೆ ಹಿಂಡಿನ ಅಂಚಿನಲ್ಲಿ ಗುದ್ದಲಿ ಹಾಕಿ ಹೊರಬಂದ ಹಿಳ್ಳು ತೆಗೆಯಿರಿ. ಬೇಕೆನ್ನುವವರಿಗೆ ಕೊಡಲು ಅದೇ ಸರಿಯಾದ ಕಾಲ.
3. ಉಳಿದ ಗಡ್ಡೆಯನ್ನು ಬೆಟ್ಟ, ಹಳ್ಳ, ರಸ್ತೆ ಬದಿಗೆ ಚೆಲ್ಲಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ ಆಮೇಲೆ ಗೊಬ್ಬರಗುಂಡಿಗೆ ಹಾಕಿ.

ವರ್ಷದ ಕೆಲಸ

ಮೇ: ಹೊಂಡ, ದಿಬ್ಬ ತಯಾರಿ. ಹಿಂಡು ಒಡೆಯುವುದು. ಗಾಳಿಗೆ ಬೀಳುವಂಥ ಕಾಂಡ ತೆಗೆಯುವುದು.
ಜೂನ್: ಗಡ್ಡೆ ಗಿಡಗಳ ನಾಟಿ. ಮಳೆ ಜೋರು ಹಿಡಿಯುವ ಮೊದಲೇ ಬೇರು ಕಚ್ಚಬೇಕು.
ಜುಲೈ, ಆಗಸ್ಟ್: ಗೊಬ್ಬರ ಬೇಡ, ಹಾಕಿದ್ದೆಲ್ಲ ಕೊಚ್ಚಿಹೋಗುತ್ತದೆ. ಬುಡದಲ್ಲಿ ನೀರು ನಿಲ್ಲದಂತೆ ಅಗಳ ಬಿಡಿಸಿ.
ಸೆಪ್ಟೆಂಬರ್, ಅಕ್ಟೋಬರ್: ಮಳೆ ಇಳಿದ ಮೇಲೆ ಕೊಟ್ಟಿಗೆ ಗೊಬ್ಬರ. ಹೂ ಮುಗಿದ ಕಾಂಡ ಕಡಿಯುವುದು.
ನವೆಂಬರ್, ಡಿಸೆಂಬರ್: ಬುಡಕ್ಕೆ ದರಕು, ಅಡಿಕೆ ಸೋಗೆಯ ದಪ್ಪ ಹೊದಿಕೆ.
ಜನವರಿಯಿಂದ ಏಪ್ರಿಲ್: ದೊಡ್ಡೆಲೆಯ ಗಿಡಗಳಿಗೆ ವಾರಕ್ಕೆ ಎರಡು ಮೂರು ಸಲ ನೀರು. ದೇವಕಣಗಿಲೆ ಕೊಂಬೆ ನೆಡುವುದು.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಹೆಲಿಕೋನಿಯಾ ಮೊಗ್ಗು ಕತ್ತರಿಸಿ ಹೂದಾನಿಗೆ ಇಟ್ಟರೆ ಅರಳ್ತದಾ?
ಇಲ್ಲ. ಕತ್ತರಿಸಿದಾಗ ಎಷ್ಟು ತೆರೆದಿದೆಯೋ ಅಷ್ಟೇ. ಬೇಕಾದಷ್ಟು ಅರಳಿದ ಮೇಲೆ ಬೆಳಿಗ್ಗೆ ಕತ್ತರಿಸಿ. ಫ್ರಿಜ್‌ನಲ್ಲಿ ಇಡಬೇಡಿ, ತಂಪಿಗೆ ಕಪ್ಪಾಗುತ್ತದೆ. ನೀರು ಬದಲಿಸುತ್ತಿದ್ದರೆ ಒಂದು ವಾರಕ್ಕೆ ಮೋಸವಿಲ್ಲ.

ಅಡಿಕೆ ತೋಟದ ನಡುವೆ ಹಾಕಬಹುದಾ?
ಅಂಚಿಗೆ, ಅಗಳದ ಬದಿಗೆ ಹಾಕಬಹುದು. ಮರದ ಬುಡದಿಂದ ನಾಲ್ಕು ಅಡಿ ಬಿಡಿ, ಗೊಬ್ಬರ ನೀರಿಗೆ ಪೈಪೋಟಿ ಬೇಡ. ಮಾರಾಟದ ಆಸೆಯಿಂದ ಒಮ್ಮೆಲೇ ನೂರು ಗಡ್ಡೆ ತರುವ ಮೊದಲು ಕೊಳ್ಳುವವರು ಯಾರು, ಅಲ್ಲಿಗೆ ಸಾಗಿಸಲು ಎಷ್ಟು ಖರ್ಚು ಅಂತ ಕೇಳಿ ತಿಳಿಯಿರಿ. ಈ ಹೂ ಸಂತೆಯಲ್ಲಿ ಮಾಲೆಗೆ ಹೋಗುವಂಥದ್ದಲ್ಲ, ಹೂಗುಚ್ಛ, ಮಂಟಪ ಮಾಡುವವರಿಗೆ ಮಾತ್ರ ಬೇಕು.

ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದೆ, ಏನು ಮಾಡಲಿ?
ಹೆಚ್ಚಿನ ಸಲ ಇದು ಕಬ್ಬಿಣದ ಅಂಶ ಸಿಗದ ಲಕ್ಷಣ. ಬುಡದಲ್ಲಿ ನೀರು ನಿಂತಿದೆಯಾ, ಸುಣ್ಣ ಅಥವಾ ಗೋಡೆ ಕೆಲಸದ ಸಿಮೆಂಟ್ ಬಿದ್ದಿದೆಯಾ ಮೊದಲು ನೋಡಿ. ಅದನ್ನು ಸರಿಮಾಡದೆ ಗೊಬ್ಬರ ಸುರಿದರೆ ಪ್ರಯೋಜನವಿಲ್ಲ.

ಕುಂಡದಲ್ಲಿ ಬೆಳೆಯಬಹುದಾ?
ಸಣ್ಣ ಹೆಲಿಕೋನಿಯಾ, ಕಾಬಾಳೆ, ಬರ್ಡ್ ಆಫ್ ಪ್ಯಾರಡೈಸ್ ಆಗುತ್ತದೆ. ಕುಂಡ ಒಂದೂವರೆ ಅಡಿಗಿಂತ ಚಿಕ್ಕದು ಬೇಡ. ಟಾರ್ಚ್ ಜಿಂಜರ್ ಕುಂಡದ ಗಿಡವಲ್ಲ.

ಈ ಮಳೆಗಾಲಕ್ಕೆ ಒಂದು ಗಿಡ ತರುವವರಿದ್ದರೆ ಇಷ್ಟು ಮಾಡಿ. ಗಿಡ ಮನೆಗೆ ಬರುವ ಮುಂಚೆಯೇ ಅದರ ಪೂರ್ತಿ ಎತ್ತರ, ಅಗಲ ಕೇಳಿ, ಅಂಗಳದಲ್ಲಿ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಎರಡು ದಿನ ಅದನ್ನು ಸುತ್ತಿಕೊಂಡು ಓಡಾಡಿ. ದನ ಕೊಟ್ಟಿಗೆಗೆ ಹೋಗುವ ದಾರಿ, ಬಟ್ಟೆ ಒಣಹಾಕುವ ತಂತಿ, ಅಡಿಕೆ ಹರಡುವ ಜಾಗ ಯಾವುದಕ್ಕೂ ಅಡ್ಡ ಬರದಿದ್ದರೆ ಧೈರ್ಯವಾಗಿ ಹೊಂಡ ತೋಡಿ.